ಕೋವಿಮದ್ದಿನ ಲೆಕ್ಕ: ಲೋಡ್ ಡೇಟಾ ಓದೋದು ಹೇಗೆ?

ಈ ಸೆಮಿಸ್ಟರ್‌ನಲ್ಲಿ ನಮಗೆ ಥಿಕ್ ಸಿಲಿಂಡರ್ ಪಾಠ ಇದೆ. ಲಾಮೆ ಸಮೀಕರಣ ಬಂದ ಕಡೆಯೆಲ್ಲ ಪುಸ್ತಕಗಳು ಕೊಡುವ ಉದಾಹರಣೆ ಬಂದೂಕಿನ ನಳಿಗೆ. ಆ ನಳಿಗೆಯೊಳಗಿನ ಒತ್ತಡ ಎಷ್ಟು, ಅದನ್ನು ಯಾರು ನಿರ್ಧರಿಸ್ತಾರೆ ಅಂತ ಹುಡುಕುತ್ತಾ ಹೋದಾಗ ನಮಗೆ ಸಿಕ್ಕಿದ್ದು ಹ್ಯಾಂಡ್‌ಲೋಡಿಂಗ್ ಎಂಬ ಹವ್ಯಾಸ. ಅಮೆರಿಕದಲ್ಲಿ ಬೇಟೆಗಾರರು, ಟಾರ್ಗೆಟ್ ಶೂಟರ್‌ಗಳು ತಮ್ಮ ರೈಫಲ್‌ನ ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ತಾರೆ. ಒಮ್ಮೆ ಹಾರಿಸಿದ ಹಿತ್ತಾಳೆ ಕೇಸನ್ನು ಸರಿಮಾಡಿ, ಹೊಸ ಪ್ರೈಮರ್ ಕೂರಿಸಿ, ಮದ್ದು ತೂಗಿ ಹಾಕಿ, ಮೇಲೆ ಗುಂಡು ಒತ್ತುತ್ತಾರೆ. ನಮ್ಮ ದೇಶದಲ್ಲಿ 1959ರ ಆರ್ಮ್ಸ್ ಆ್ಯಕ್ಟ್ ಪ್ರಕಾರ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವ ಹಾಗಿಲ್ಲ, ಹಾಗಾಗಿ ಇದು ಮಾಡಿ ನೋಡುವ ಪಾಠ ಅಲ್ಲ. ಆದರೆ ಅವರು ಒಂದು ಟೇಬಲನ್ನು ಎಷ್ಟು ಎಚ್ಚರದಿಂದ ಓದ್ತಾರೆ ಅನ್ನೋದು ಯಾವ ಬ್ರ್ಯಾಂಚ್‌ನವರಿಗೂ ಉಪಯೋಗಕ್ಕೆ ಬರುತ್ತೆ.

(ಮದ್ದು ಅಂದ್ರೆ ಇಲ್ಲಿ ಕೋವಿಮದ್ದು, ಅಜ್ಜಿ ಕೊಡೋ ಮದ್ದಲ್ಲ. ಡೋಸ್ ಮುಖ್ಯ ಅನ್ನೋದು ಮಾತ್ರ ಎರಡಕ್ಕೂ ಒಂದೇ.)

ಮೊದಲು ಒತ್ತಡದ ಅಂದಾಜು ಇರಲಿ. .308 ವಿಂಚೆಸ್ಟರ್ ಒಂದು ಸಾಮಾನ್ಯ ಬೇಟೆ ತೋಟಾ. ಅಮೆರಿಕದಲ್ಲಿ ತೋಟಾಗಳ ಅಳತೆ ಮತ್ತು ಒತ್ತಡಕ್ಕೆ ಸ್ಟ್ಯಾಂಡರ್ಡ್ ಬರೆಯುವ ಸಂಸ್ಥೆ ಸಾಮಿ, ಶುರುವಾದದ್ದು 1926ರಲ್ಲಿ. ಅದು ಈ ತೋಟಾಗೆ ಹಾಕಿರುವ ಗರಿಷ್ಠ ಸರಾಸರಿ ಒತ್ತಡದ ಮಿತಿ 62,000 ಪಿಎಸ್‌ಐ, ಅಂದರೆ ಸುಮಾರು 427 ಮೆಗಾಪ್ಯಾಸ್ಕಲ್. ಕಾರಿನ ಟೈರ್‌ಗೆ ನಾವು ಹೊಡೆಸೋದು ಮೂವತ್ತು ಚಿಲ್ಲರೆ ಪಿಎಸ್‌ಐ. ಅದರ ಸುಮಾರು ಎರಡು ಸಾವಿರ ಪಟ್ಟು ಒತ್ತಡ, ಗುಂಡು ಹಾರಿಸುವವನ ಮುಖದಿಂದ ಒಂದು ಗೇಣು ದೂರದಲ್ಲಿ!

ಮದ್ದು ಸ್ವಲ್ಪ ಜಾಸ್ತಿ ಆದರೆ ಒತ್ತಡವೂ ಅಷ್ಟೇ ಸ್ವಲ್ಪ ಜಾಸ್ತಿ ಆಗುತ್ತೆ ಅಂತ ನಮಗೆ ಅನಿಸಬಹುದು. ಹಾಗಾಗಲ್ಲ. ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದ ಫ್ರಾನ್ಸಿನ ಪಾಲ್ ವಿಯೆಯ್ ಹೆಸರಿನಲ್ಲಿ ಒಂದು ನಿಯಮ ಇದೆ: ಮದ್ದು ಉರಿಯುವ ವೇಗ ಸುತ್ತಲಿನ ಒತ್ತಡ ಏರಿದಂತೆ ಏರುತ್ತೆ. ಉರಿದರೆ ಅನಿಲ, ಅನಿಲದಿಂದ ಒತ್ತಡ, ಒತ್ತಡದಿಂದ ಇನ್ನೂ ಜೋರು ಉರಿ. ಈ ಚಕ್ರಕ್ಕೆ ಬ್ರೇಕ್ ಹಾಕೋದು ಮುಂದಕ್ಕೆ ಓಡುವ ಗುಂಡು. ಅದು ಸರಿದಷ್ಟೂ ಅನಿಲಕ್ಕೆ ಜಾಗ ಸಿಗುತ್ತೆ. ಅದಕ್ಕೇ ಮಿತಿಯ ಹತ್ತಿರ ಒಂದು ಗ್ರೇನ್ ಹೆಚ್ಚಾದರೂ ಒತ್ತಡ ಹಾರಿಬಿಡುತ್ತೆ. ಗ್ರೇನ್ ಅಂದರೆ ಇವರು ಮದ್ದು ತೂಗುವ ಅಳತೆ, 64.8 ಮಿಲಿಗ್ರಾಂ.

ಈಗ ಟೇಬಲ್‌ಗೆ ಬರೋಣ. ಹಾರ್ನಡಿ, ಸಿಯೆರಾ, ಲೈಮನ್, ಹಾಜ್ಡನ್ ಮುಂತಾದ ಕಂಪನಿಗಳು ಪ್ರಕಟಿಸುವ ಲೋಡ್ ಡೇಟಾ ಇದು. ಪ್ರತಿ ಸಾಲಿನಲ್ಲೂ ಇಂಥ ತೋಟಾ, ಇಂಥ ಗುಂಡು, ಇಂಥ ಮದ್ದು, ಸ್ಟಾರ್ಟ್ ಇಷ್ಟು, ಮ್ಯಾಕ್ಸಿಮಮ್ ಇಷ್ಟು ಅಂತ ಇರುತ್ತೆ. ನೋಡಿದರೆ ಅಡುಗೆ ರೆಸಿಪಿ ಥರಾನೇ. ಆದರೆ ನಮ್ಮ ಪ್ರಕಾರ ಅದನ್ನು ಲ್ಯಾಬ್ ರೆಕಾರ್ಡ್ ಥರ ಓದಬೇಕು. ಆ ಕೇಸ್, ಆ ಪ್ರೈಮರ್, ಆ ಗುಂಡು, ಆ ಉದ್ದ, ಆ ಟೆಸ್ಟ್ ಬ್ಯಾರಲ್ ಇಟ್ಟು ಅಳೆದಾಗ ಬಂದ ಸಂಖ್ಯೆ ಅದು. ಇದರಲ್ಲಿ ಒಂದು ಬದಲಾದರೂ ಆ ಸಂಖ್ಯೆ ನಿಮ್ಮದಲ್ಲ.

ಸಿವಿಲ್ ಗೆಳೆಯರಿಗೆ ಇದು ಬೇಗ ಅರ್ಥ ಆಗುತ್ತೆ. ನದಿ ಮರಳಿಗೆ ಮಾಡಿದ ಮಿಕ್ಸ್ ಡಿಸೈನನ್ನು ಹಾಗೇ ಎಂ-ಸ್ಯಾಂಡ್‌ಗೆ ಹಾಕ್ತಾರಾ? ಹೊಸದಾಗಿ ಟ್ರಯಲ್ ಮಿಕ್ಸ್ ಮಾಡಿ ಕ್ಯೂಬ್ ಒಡೆದು ನೋಡ್ತಾರೆ.

ತೋಟಾದಲ್ಲೂ ಅಷ್ಟೇ. ಒಂದೇ ತೂಕದ ಎರಡು ಗುಂಡು ತಗೊಳ್ಳಿ, ಒಂದು ಸೀಸದ ತಿರುಳಿನದು, ಇನ್ನೊಂದು ಪೂರ್ತಿ ತಾಮ್ರದ್ದು. ತಾಮ್ರ ಸೀಸಕ್ಕಿಂತ ಹಗುರ, ಆದ್ದರಿಂದ ಅದೇ ತೂಕಕ್ಕೆ ಗುಂಡು ಉದ್ದ ಇರಬೇಕು. ತೋಟಾದ ಒಟ್ಟು ಉದ್ದ ಬದಲಾಗದಿದ್ದರೆ ಅದು ಕೇಸಿನೊಳಗೆ ಆಳಕ್ಕೆ ಇಳಿಯುತ್ತೆ, ಮದ್ದಿನ ಜಾಗ ಕಡಿಮೆಯಾಗಿ ಒತ್ತಡ ಏರುತ್ತೆ. ಸೇನೆಯ ಕೇಸ್‌ಗಳು ಎಷ್ಟೋ ಸಲ ದಪ್ಪ ಗೋಡೆಯವು. ಹೊರಗಿನ ಅಳತೆ ಅದೇ, ಒಳಗಿನ ಜಾಗ ಕಡಿಮೆ. ಟೇಬಲ್‌ನಲ್ಲಿ ಗುಂಡಿನ ಕಂಪನಿ, ಮಾಡೆಲ್ ಎಲ್ಲಾ ಬರೆದಿರೋದು ಜಾಹೀರಾತಿಗಲ್ಲ.

ಎಲ್ಲಕ್ಕಿಂತ ಮೋಸಗೊಳಿಸೋದು ಮದ್ದಿನ ಹೆಸರು. ಎರಡನೇ ಮಹಾಯುದ್ಧದ ನಂತರ ಬ್ರೂಸ್ ಹಾಜ್ಡನ್ ಎಂಬವರು ಅಮೆರಿಕ ಸೇನೆಯಲ್ಲಿ ಉಳಿದಿದ್ದ ಮದ್ದನ್ನು ಕೊಂಡು ಹವ್ಯಾಸಿಗಳಿಗೆ ಮಾರಲು ಶುರುಮಾಡಿದರು. ಅದರಲ್ಲಿ 4831 ಅನ್ನೋದು ಬಹಳ ಜನಪ್ರಿಯ ಆಯ್ತು. ಮುಂದೆ ಡ್ಯುಪಾಂಟ್ ಕಂಪನಿ ಐಎಂಆರ್ 4831 ಅಂತ ಒಂದು ಮದ್ದು ತಂದಿತು. ಅಂಕಿ ಒಂದೇ, ಮದ್ದು ಬೇರೆ! ಐಎಂಆರ್‌ನದ್ದು ಹಾಜ್ಡನ್‌ನ ಎಚ್ 4831ಕ್ಕಿಂತ ಬೇಗ ಉರಿಯುತ್ತೆ. ಎಚ್‌ಗೆ ಬರೆದ ಗರಿಷ್ಠ ತೂಕವನ್ನು ಐಎಂಆರ್‌ಗೆ ಹಾಕಿದರೆ ಮಿತಿ ದಾಟಿದ ಹಾಗೇ. 4350 ಕಥೆನೂ ಇದೇ: ಎಚ್, ಐಎಂಆರ್, ಅಕ್ಯುರೇಟ್ ಅಂತ ಮೂರು ಮದ್ದಿನ ಹೆಸರಲ್ಲಿ ಆ ಸಂಖ್ಯೆ ಇದೆ. ಈಗ ಈ ಮೂರೂ ಬ್ರ್ಯಾಂಡ್ ಹಾಜ್ಡನ್ ಕಂಪನಿಯ ಕೈಯಲ್ಲೇ ಇವೆ, ಡೇಟಾ ಮಾತ್ರ ಬೇರೆ ಬೇರೆ. ಯಾರಾದರೂ ಬಾಯಿಮಾತಿಗೆ "4831 ಇಷ್ಟು ಹಾಕ್ತೀನಿ" ಅಂದರೆ ಅದರಲ್ಲಿ ಮಾಹಿತಿಯೇ ಇಲ್ಲ ಅಂತ ತಿಳಿಯಬೇಕು.

ಸರಿ, ಮದ್ದು, ಗುಂಡು ಎಲ್ಲ ಹೊಂದಿತು ಅಂತಿಟ್ಟುಕೊಳ್ಳಿ. ಆಗಲೂ ಮ್ಯಾಕ್ಸಿಮಮ್‌ನಿಂದ ಶುರುಮಾಡಲ್ಲ. ಸ್ಟಾರ್ಟ್ ಲೋಡ್ ಸಾಮಾನ್ಯವಾಗಿ ಅದಕ್ಕಿಂತ ಸುಮಾರು ಶೇ. 10 ಕೆಳಗಿರುತ್ತೆ. ಅಲ್ಲಿಂದ ಸಣ್ಣ ಸಣ್ಣ ಹೆಜ್ಜೆಯಲ್ಲಿ ಏರ್ತಾರೆ. ಹಾಗಂತ ಸ್ಟಾರ್ಟ್‌ಗಿಂತ ಕೆಳಗೆ ಹೋದರೆ ಇನ್ನೂ ಸೇಫ್ ಅಂತೇನಿಲ್ಲ. ನಿಧಾನ ಉರಿಯುವ ಮದ್ದನ್ನು ತೀರಾ ಕಡಿಮೆ ಹಾಕಿದರೆ ಸರಿಯಾಗಿ ಹೊತ್ತದೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು, ಒತ್ತಡ ಅಡ್ಡಾದಿಡ್ಡಿ ಆಗಬಹುದು. ಮುಂದಿನ ಗುಂಡು ಅದರ ಹಿಂದೆ ಹೋಗಿ ಬಡಿದರೆ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ.

ಎರಡು ಪುಸ್ತಕ ತೆಗೆದರೆ ಎರಡು ಗರಿಷ್ಠ! ಮೊದಲ ಸಲ ನೋಡಿದಾಗ ಒಂದು ಪ್ರಿಂಟ್ ಮಿಸ್ಟೇಕ್ ಇರಬೇಕು ಅನಿಸುತ್ತೆ. ಸಾಮಾನ್ಯವಾಗಿ ಎರಡೂ ಸರಿಯಾಗೇ ಇರುತ್ತವೆ: ಬ್ಯಾರಲ್ ಬೇರೆ, ಮದ್ದಿನ ಲಾಟ್ ಬೇರೆ, ಪ್ರೈಮರ್ ಬೇರೆ. ಆ ವ್ಯತ್ಯಾಸವೇ ಅನಿಶ್ಚಿತತೆಯ ಅಂದಾಜು ಕೊಡುತ್ತೆ. ಆವರೇಜ್ ತೆಗೆಯೋದು ನಮ್ಮ ಲ್ಯಾಬ್ ಚಾಳಿ, ಇಲ್ಲಿ ಅದು ಬೇಡ. ಕಡಿಮೆ ಇರುವುದನ್ನು ಮಿತಿ ಅಂತ ಹಿಡಿಯೋದೇ ಸರಿ. ಇನ್ನೊಂದು ಗೊಂದಲ ಯೂನಿಟ್‌ನದು. ಹಿಂದೆ ತಾಮ್ರದ ಚಿಕ್ಕ ಸಿಲಿಂಡರ್ ಎಷ್ಟು ಜಜ್ಜಿಹೋಯಿತು ಅಂತ ನೋಡಿ ಒತ್ತಡ ಹೇಳ್ತಿದ್ದರು, ಆ ಅಳತೆ ಸಿಯುಪಿ. ಈಗ ಪೀಜೋ ಸೆನ್ಸರ್‌ನಿಂದ ಪಿಎಸ್‌ಐ. .308ರ ಮಿತಿ 52,000 ಸಿಯುಪಿ, 62,000 ಪಿಎಸ್‌ಐ. ಎಲ್ಲ ತೋಟಾಗೂ ಹೊಂದುವ ಕನ್ವರ್ಶನ್ ಫಾರ್ಮುಲಾ ಇಲ್ಲ.

ತೋಟಾದ ಹೆಸರೂ ಸಾಕಾಗಲ್ಲ, ಕೋವಿ ಯಾವುದು ಅಂತಲೂ ಕೇಳಬೇಕು. .45-70 ತೋಟಾ ಬಂದದ್ದು 1873ರಲ್ಲಿ, ಟ್ರ್ಯಾಪ್‌ಡೋರ್ ಸ್ಪ್ರಿಂಗ್‌ಫೀಲ್ಡ್ ಎಂಬ ಸೇನಾ ರೈಫಲ್ ಜೊತೆ. ಅದೇ ತೋಟಾ ಇವತ್ತಿನ ರೂಗರ್ ನಂಬರ್ 1ರಂಥ ಗಟ್ಟಿ ರೈಫಲ್‌ಗೂ ಹಿಡಿಸುತ್ತೆ. ಅದಕ್ಕೇ ಕೆಲವು ಪುಸ್ತಕಗಳು ಇದೊಂದಕ್ಕೇ ಮೂರು ಭಾಗ ಮಾಡ್ತವೆ: ಹಳೆಯ ಟ್ರ್ಯಾಪ್‌ಡೋರ್, ಲಿವರ್ ಆ್ಯಕ್ಷನ್, ಹೊಸ ಗಟ್ಟಿ ರೈಫಲ್. ಮೂರನೇ ಭಾಗದ ಲೋಡನ್ನು ಅಜ್ಜನ ಕಾಲದ ಕೋವಿಗೆ ಹಾಕಿದರೆ ಅದು ಒಡೆದೇಹೋಗಬಹುದು.

ಪ್ರೈಮರ್ ಚಪ್ಪಟೆ ಆಗಿದೆಯಾ, ಬೋಲ್ಟ್ ಎತ್ತಲು ಬಿಗಿ ಬರುತ್ತಾ ಅಂತ ನೋಡಿ ಒತ್ತಡ ಅಂದಾಜು ಮಾಡೋರು ಇದ್ದಾರೆ. ಯೀಲ್ಡ್ ಪಾಯಿಂಟ್ ಓದಿದ ನಮಗೆ ಇದು ತಡವಾದ ಸೂಚನೆ ಅಂತ ಗೊತ್ತಾಗಬೇಕು. ಬೋಲ್ಟ್ ಬಿಗಿಯಾಗುವ ಹೊತ್ತಿಗೆ ಹಿತ್ತಾಳೆ ಆಗಲೇ ಸಾಕಷ್ಟು ಯೀಲ್ಡ್ ಆಗಿರುತ್ತೆ, ಎಷ್ಟೋ ಸಲ ಮಿತಿ ದಾಟಿಯಾಗಿರುತ್ತೆ. ಕ್ರೋನೋಗ್ರಾಫ್ ಇದಕ್ಕಿಂತ ಮೇಲು. ಬ್ಯಾರಲ್ ಉದ್ದ ಅದೇ ಇದ್ದು, ಪುಸ್ತಕ ಹೇಳಿದ ವೇಗಕ್ಕಿಂತ ನಿಮ್ಮದು ಜಾಸ್ತಿ ಬಂದರೆ ಖುಷಿಪಡೋದಲ್ಲ, ನಿಲ್ಲಿಸಬೇಕು. ಆ ಹೆಚ್ಚಿನ ವೇಗ ಬಂದದ್ದು ಬಹುಪಾಲು ಹೆಚ್ಚಿನ ಒತ್ತಡದಿಂದಲೇ.

ಕೊನೆಗೆ ಬೆಂಚ್ ಮೇಲಿನ ಶಿಸ್ತು. ತಕ್ಕಡಿ ಗ್ರೇನ್‌ನಲ್ಲಿದೆಯೋ ಗ್ರಾಂನಲ್ಲಿದೆಯೋ ನೋಡಿ, ಗೊತ್ತಿರುವ ತೂಕ ಇಟ್ಟು ಪರೀಕ್ಷಿಸ್ತಾರೆ. ಟೇಬಲ್ ಮೇಲೆ ಒಂದು ಸಲಕ್ಕೆ ಒಂದೇ ಮದ್ದಿನ ಡಬ್ಬಿ. ಲೇಬಲ್ ಹೋದ ಡಬ್ಬಿಯ ಮದ್ದನ್ನು ಬಣ್ಣ, ಆಕಾರ ನೋಡಿ ಇದೇ ಇರಬೇಕು ಅಂತ ಬಳಸಲ್ಲ, ಎಷ್ಟೇ ದುಬಾರಿ ಇರಲಿ.