ಗಂಗೂಬಾಯಿ ಹಾಡು ಕಲಿತದ್ದು

ಅಕ್ಕಂದಿರೇ, ತಂಗಡಗಿಯ ನೀಲಮ್ಮನ ಗುಡಿ ನಿಮಗೆ ಗೊತ್ತು. ಗುಡಿಗಳಲ್ಲಿ ಭಜನೆಯನ್ನೂ ಕೇಳಿದ್ದೀರಿ. ತಂಬೂರಿಯ ತಂತಿ ಬೆರಳಿನಿಂದ ಮೀಟಿದರೆ ಝುಂ ಎಂದು ನಾದ ಬರುತ್ತದೆ. ದೊಡ್ಡ ತಂಬೂರಿಗೆ ನಾಲ್ಕು ತಂತಿ. ಆ ನಾದದ ಜೋಡಿ ಹಾಡಿ ದೇಶಕ್ಕೆಲ್ಲ ಹೆಸರಾದ ಹೆಣ್ಣುಮಗಳು ನಮ್ಮ ಕಡೆಯವರೇ. ಅವರು ಗಂಗೂಬಾಯಿ ಹಾನಗಲ್.

ಗಂಗೂಬಾಯಿ 1913ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ತಾಯಿ ಅಂಬಾಬಾಯಿ. ಅವರೂ ಹಾಡುವವರೇ. ತಾಯಿಯದು ಕರ್ನಾಟಕ ಸಂಗೀತ. ಮಗಳಿಗೆ ಹಿಂದೂಸ್ತಾನಿ ಸಂಗೀತದ ಮೇಲೆ ಮನಸ್ಸು. ಗ್ರಾಮಾಫೋನ್ ದನಿ ಕೇಳಿದರೆ ಸಾಕು, ಹುಡುಗಿ ಬೀದಿಗೆ ಓಡುತ್ತಿದ್ದಳು. ಕೇಳಿದ್ದನ್ನು ಹಾಗೇ ಹಾಡಿ ನೋಡುತ್ತಿದ್ದಳು.

ಆಗ ತಾಯಿ ಏನು ಮಾಡಿದರು ಗೊತ್ತೇನ್ರಿ? ಎರಡು ಥರದ ಹಾಡು ಕಿವಿಗೆ ಬಿದ್ದರೆ ಮಗಳ ಕಲಿಕೆ ಕೆಡುತ್ತದೆ ಎಂದು ತಮ್ಮ ಹಾಡನ್ನೇ ನಿಲ್ಲಿಸಿಬಿಟ್ಟರು. ಈ ಮಾತು ಓದಿದಾಗೆಲ್ಲ ನನಗೆ ಕರುಳು ಚುರ್ ಅಂತದ.

1924ರಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿಯೇ ಅಧ್ಯಕ್ಷರು. ಅಲ್ಲಿ ಸ್ವಾಗತದ ಹಾಡು ಹಾಡಿದವರಲ್ಲಿ ಹನ್ನೊಂದು ವರ್ಷದ ಗಂಗೂ ಇದ್ದಳು. ಅವಳಿಗೆ ಹಾಡಿನ ಅಂಜಿಕೆ ಇರಲಿಲ್ಲ. ಮೇಲಿನ ಜಾತಿಯವರ ಊಟವಾದ ಮೇಲೆ ಜಾಗ ಬಳಿಯಲು ಎಲ್ಲಿ ತನಗೆ ಹೇಳುತ್ತಾರೋ ಎಂಬ ಅಂಜಿಕೆ! ಹಾಡು ಕಲಿಯಲು ಹೋಗುವಾಗ ಓಣಿಯ ಜನ ಆಡಿಕೊಂಡು ನಗುತ್ತಿದ್ದರು. ಹೆಣ್ಣುಮಗಳು ಹಾಡಿದರೆ ಆಗ ಮರ್ಯಾದೆ ಕಡಿಮೆ.

1928ರಲ್ಲಿ ಅವರ ಮನೆತನ ಹುಬ್ಬಳ್ಳಿಗೆ ಬಂತು. ಅಲ್ಲಿ ಕೃಷ್ಣಾಚಾರ್ಯರು, ದತ್ತೋಪಂತ ದೇಸಾಯರು ಕಲಿಸಿದರು. 1932ರಲ್ಲಿ ತಾಯಿ ತೀರಿಕೊಂಡರು. ಗಂಗೂಬಾಯಿಗೆ ಆಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಆದರೂ ಕಲಿಕೆ ಬಿಡಲಿಲ್ಲ.

ಮುಂದೆ ಸವಾಯಿ ಗಂಧರ್ವರು ಗುರುಗಳಾದರು. ಅವರ ಊರು ಕುಂದಗೋಳ. ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ, ಪಾಠ ಮುಗಿಸಿ, ತಿರುಗಿ ರೈಲಿಗೇ ಬರುತ್ತಿದ್ದರು. ಮನೆಯಲ್ಲಿ ಸಣ್ಣ ಮಕ್ಕಳು. ಅದೇ ಗುರುಗಳ ಹತ್ತಿರ ಗದುಗಿನ ಕಡೆಯ ಒಬ್ಬ ಹುಡುಗನೂ ಕಲಿಯುತ್ತಿದ್ದ. ಅವನೇ ಭೀಮಸೇನ ಜೋಶಿ.

ಮೊದಲು ಗಂಗೂಬಾಯಿಯವರ ದನಿ ಸಣ್ಣದಿತ್ತು. ಗಂಟಲಿನ ಆಪರೇಶನ್ ಆದ ಮೇಲೆ ಗಂಡುದನಿಯಂತೆ ದಪ್ಪವಾಯಿತು. ಅವರು ಅದೇ ದನಿಯಲ್ಲಿ ಹಾಡಿದರು. ಜನ ಅದನ್ನೇ ಮೆಚ್ಚಿಕೊಂಡರು. 2002ರಲ್ಲಿ ಪದ್ಮವಿಭೂಷಣ ಬಂತು. 2009ರಲ್ಲಿ ತೀರಿಕೊಂಡರು. ಅವರು ಶಾಲೆ ಕಲಿತದ್ದು ಪ್ರಾಥಮಿಕದವರೆಗೆ ಮಾತ್ರ. ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಈಗ ಅವರದೇ ಹೆಸರು.

ಈಗ ನೀವು ಬರೆಯಿರಿ: ನಿಮ್ಮ ಓಣಿಯಲ್ಲಿ ಬೀಸುವ ಪದ, ಸೋಬಾನೆ ಪದ ಚೆನ್ನಾಗಿ ಹಾಡುವವರು ಯಾರು? ಅವರಿಗೆ ಅದನ್ನು ಕಲಿಸಿದವರು ಯಾರು?