ಎಪ್ಪತ್ತೈದರ ಮಂಡಿಗೂ ಒಗ್ಗುವ ಹಾಯಿದೋಣಿ

ಅಮೆರಿಕದ ಪೂರ್ವ ಕರಾವಳಿಯಲ್ಲಿ, ಅದರಲ್ಲೂ ಚೆಸಪೀಕ್ ಕೊಲ್ಲಿಯ ಅನ್ನಾಪೊಲಿಸ್ ಸುತ್ತಮುತ್ತ, 1970–80ರ ದಶಕದ ಫೈಬರ್‌ಗ್ಲಾಸ್ ಹಾಯಿದೋಣಿಗಳು ಇಂದಿಗೂ ಮಾರಾಟಕ್ಕೆ ಸಿಗುತ್ತವೆ. ಎಷ್ಟೋ ದೋಣಿಗಳ ಬೆಲೆ ಹೊಸ ಕಾರಿಗಿಂತ ಕಡಿಮೆ. ನಿವೃತ್ತರಾದ ಮೇಲೆ ಇಂಥದೊಂದರಲ್ಲಿ ಬಾಳಬೇಕೆಂಬ ಆಸೆ ಗಂಡ-ಹೆಂಡತಿ ಇಬ್ಬರಿಗೂ ಇದ್ದರೆ ಅದು ಆಗುವ ಕೆಲಸವೇ. ಆ ಕಾಲದ ಒಡಲುಗಳು ಗಟ್ಟಿಮುಟ್ಟು. 1991ರ ಅಕ್ಟೋಬರ್ ಕೊನೆಯ ಬಿರುಗಾಳಿಯಲ್ಲಿ 'ಸಟೋರಿ' ಎಂಬ 32 ಅಡಿಯ ವೆಸ್ಟ್‌ಸೇಲ್ ದೋಣಿಯಲ್ಲಿದ್ದ ಮೂವರನ್ನು ಕೋಸ್ಟ್ ಗಾರ್ಡ್ ಪಾರುಮಾಡಿತು. ಆಳಿಲ್ಲದ ದೋಣಿ ಹೊಯ್ದಾಡುತ್ತ ಬಂದು ಮೇರಿಲ್ಯಾಂಡಿನ ಮರಳದಂಡೆ ಹತ್ತಿತು. ಮುಂದೆ ಮತ್ತೆ ನೀರಿಗೂ ಇಳಿಯಿತು. ಒಡಲಿಗಿಂತ ಬೇಗ ಮುಪ್ಪಾಗುವುದು ಅದಕ್ಕೆ ಜೋಡಿಸಿದ ವಾಲ್ವು, ತಂತಿ, ವೈರು, ಎಂಜಿನ್ನು. ಜೊತೆಗೆ ಅದರಲ್ಲಿ ಬಾಳಲು ಹೊರಟ ನಾವು. ಆದ್ದರಿಂದ ದುಡ್ಡು ಖರ್ಚಾಗಬೇಕಾದ ಕ್ರಮ ಹೀಗೆ: ಮೊದಲು ಮುಳುಗದಂತೆ, ಆಮೇಲೆ ಬೀಳದಂತೆ, ಕೊನೆಗೆ ಚೆಂದ ಕಾಣುವಂತೆ.

1. ಇಂದಿನ ದೇಹಕ್ಕಲ್ಲ, ಹತ್ತು ವರ್ಷದ ನಂತರದ ದೇಹಕ್ಕೆ ದೋಣಿ ಆರಿಸಿ. ಇಬ್ಬರಿಗೆ 30ರಿಂದ 36 ಅಡಿ ಸಾಕು. ಅದಕ್ಕಿಂತ ದೊಡ್ಡದಾದರೆ ಹಾಯಿಯೂ ಲಂಗರೂ ಭಾರವಾಗುತ್ತವೆ, ದೋಣಿ ಕಟ್ಟುವ ಮರೀನಾದ ಬಾಡಿಗೆಯೂ ಅಡಿ ಲೆಕ್ಕದಲ್ಲಿ ಏರುತ್ತದೆ. ಚಳಿಗೆ ಫ್ಲಾರಿಡಾ ಕಡೆ ಇಳಿಯುವ ಒಳನಾಡಿನ ಜಲಮಾರ್ಗದಲ್ಲಿ ಬಹುತೇಕ ಸ್ಥಿರ ಸೇತುವೆಗಳ ಎತ್ತರ 65 ಅಡಿ. ಮಯಾಮಿಯ ಜೂಲಿಯಾ ಟಟಲ್ ಸೇತುವೆಯದು 56 ಅಡಿ ಮಾತ್ರ. ಹಾಯಿಕಂಬದ ಎತ್ತರವನ್ನು ಕೊಳ್ಳುವ ಮೊದಲೇ ಅಳೆಯಿರಿ. ನೀರಿನೊಳಗೆ ಇಳಿಯುವ ಆಳ ಐದಡಿಯೊಳಗಿದ್ದರೆ ಕೊಲ್ಲಿಯ ತೆಳುನೀರಿನಲ್ಲೂ ನಿಶ್ಚಿಂತೆ.

2. ಸರ್ವೇಯರನ್ನು ನೀವೇ ಗೊತ್ತುಮಾಡಿ. ಮಾರುವವರು ಸೂಚಿಸಿದವರು ಬೇಡ. ದೋಣಿಯನ್ನು ದಡಕ್ಕೆ ಎತ್ತಿಸಿಯೇ ತಪಾಸಣೆ ಆಗಬೇಕು. ಆ ಕಾಲದ ಅನೇಕ ಡೆಕ್‌ಗಳ ನಡುಪದರ ಬಾಲ್ಸಾ ಮರದ್ದು. ಸ್ಕ್ರೂ ತೂತುಗಳಿಂದ ನೀರು ಇಳಿದು ಒಳಗೊಳಗೇ ಕೊಳೆಯುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ಬಡಿದಾಗ ಗಟ್ಟಿ ಜಾಗ ಠಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ದಬ್ ಎನ್ನುತ್ತದೆ. ಡೆಕ್‌ನ ಬಹುಭಾಗ ಹೀಗೆ ಸದ್ದು ಮಾಡಿದರೆ ಆ ದೋಣಿಯನ್ನು ಬಿಟ್ಟುಬಿಡಿ, ಬೆಲೆ ಎಷ್ಟೇ ಇಳಿಸಿದರೂ. ಹಳೆಯ ದೋಣಿಗೆ ವಿಮೆ ಕೊಡುವವರೂ ಸಾಮಾನ್ಯವಾಗಿ ಈ ಸರ್ವೇ ವರದಿ ಕೇಳುತ್ತಾರೆ.

3. ನೀರಿನ ಮಟ್ಟದ ಕೆಳಗಿನ ಪ್ರತಿ ತೂತನ್ನೂ ಎಣಿಸಿ. ಸಿಂಕ್, ಶೌಚ, ಎಂಜಿನ್ನಿನ ತಂಪುನೀರು ಎಲ್ಲಕ್ಕೂ ಒಡಲಲ್ಲಿ ತೂತಿದೆ, ತೂತಿಗೊಂದು ಸೀಕಾಕ್ ವಾಲ್ವಿದೆ. ಒಂದೂವರೆ ಇಂಚಿನ ಒಂದೇ ಪೈಪು ಕಳಚಿದರೂ ನಿಮಿಷಕ್ಕೆ ನೂರು ಲೀಟರಿಗೂ ಹೆಚ್ಚು ನೀರು ನುಗ್ಗುತ್ತದೆ. ಹಿತ್ತಾಳೆ ವಾಲ್ವುಗಳಿದ್ದರೆ ತೆಗೆಸಿ ಕಂಚಿನದು ಹಾಕಿಸಿ. ಉಪ್ಪುನೀರಲ್ಲಿ ಹಿತ್ತಾಳೆಯ ಸತು ಕರಗಿಹೋಗಿ ಲೋಹ ಪುಡಿಯಾಗುತ್ತದೆ. ರಬ್ಬರ್ ಪೈಪುಗಳನ್ನೆಲ್ಲ ಹೊಸದಾಗಿಸಿ. ಪ್ರತಿ ವಾಲ್ವಿನ ಪಕ್ಕದಲ್ಲೂ ಅಳತೆಗೆ ಸರಿಯಾದ ಮರದ ಬೆಣೆಯೊಂದನ್ನು ದಾರದಲ್ಲಿ ಕಟ್ಟಿಡಿ.

4. ಹಾಯಿಕಂಬ ಹಿಡಿದಿರುವ ತಂತಿಗಳ ವಯಸ್ಸು ಕೇಳಿ. ಯಾರಿಗೂ ಗೊತ್ತಿಲ್ಲವೆಂದರೆ ಬದಲಿಸಿ. ತಂತಿ ಹೊಸದಾಗಿದ್ದರೂ ಅದನ್ನು ಒಡಲಿಗೆ ಕಚ್ಚಿಸುವ ಚೈನ್‌ಪ್ಲೇಟ್ ಹಳೆಯದೇ ಇರಬಹುದು. ಸ್ಟೇನ್‌ಲೆಸ್ ಸ್ಟೀಲ್ ಡೆಕ್‌ನೊಳಗೆ ಗಾಳಿಯಾಡದ ತೇವದಲ್ಲಿ ಕಾಣದಂತೆ ಸವೆಯುತ್ತದೆ. ಬಿಚ್ಚಿಸಿ ನೋಡಿ.

5. ಎಂಜಿನ್ ಡೀಸೆಲ್ಲಿನದೇ ಇರಲಿ. ಹಿಂದಿನ ಬಹಳಷ್ಟು ದೋಣಿಗಳಲ್ಲಿದ್ದ ಅಟಾಮಿಕ್ ಫೋರ್ ಪೆಟ್ರೋಲ್ ಎಂಜಿನ್. ಪೆಟ್ರೋಲಿನ ಆವಿ ದೋಣಿಯ ತಳದಲ್ಲಿ ಕೂಡಿದರೆ ಒಂದು ಕಿಡಿ ಸಾಕು. ಅಡುಗೆಯ ಪ್ರೊಪೇನ್ ಗ್ಯಾಸೂ ಗಾಳಿಗಿಂತ ಭಾರ. ಸಿಲಿಂಡರನ್ನು ಹೊರಕ್ಕೆ ಕಿಂಡಿಯಿರುವ ಪ್ರತ್ಯೇಕ ಪೆಟ್ಟಿಗೆಯಲ್ಲಿಡಿ, ಒಲೆಯ ಪಕ್ಕ ಎಂದೂ ಬೇಡ. ತಳದಲ್ಲಿ ಗ್ಯಾಸ್ ಅಲಾರಂ, ಮಲಗುವಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ, ಎರಡೂ ಬೇಕು. ನಮ್ಮ ಕುಕ್ಕರ್ ಇಲ್ಲಿ ಬಹಳ ಉಪಯೋಗಿ: ಗ್ಯಾಸೂ ನೀರೂ ಉಳಿಯುತ್ತವೆ, ಅಲೆಗೆ ದೋಣಿ ವಾಲಿದರೂ ಸಾರು ಚೆಲ್ಲುವುದಿಲ್ಲ.

6. ವೈರಿಂಗ್ ನಂಬಬೇಡಿ. ನಲವತ್ತು ವರ್ಷದಲ್ಲಿ ಮೂರ್ನಾಲ್ಕು ಮಾಲೀಕರು ಒಂದರ ಮೇಲೊಂದು ವೈರ್ ಎಳೆದಿರುತ್ತಾರೆ. ಎಲ್ಲಿಗೂ ಹೋಗದ ವೈರುಗಳನ್ನೆಲ್ಲ ಕಿತ್ತು, ತವರ ಲೇಪಿಸಿದ ತಾಮ್ರದ ಹೊಸ ವೈರ್ ಹಾಕಿಸಿ. ದಡದಿಂದ ಕರೆಂಟ್ ಪಡೆಯುವ 30 ಆಂಪಿಯರಿನ ಪ್ಲಗ್‌ನಲ್ಲಿ ಸುಟ್ಟ ಗುರುತಿದ್ದರೆ ಅದೇ ದಿನ ಬದಲಿಸಿ. ಮರೀನಾದೊಳಗೆ ಈಜಬೇಡಿ, ಸೋರುವ ಕರೆಂಟ್, ಅದರಲ್ಲೂ ಸಿಹಿನೀರಿನಲ್ಲಿ, ಕೈಕಾಲು ಮರಗಟ್ಟಿಸಿ ಮುಳುಗಿಸುತ್ತದೆ. ಮೊಮ್ಮಕ್ಕಳು ಬಂದಾಗ ಇದನ್ನು ಮೊದಲು ಹೇಳಿ. ಇನ್ನು ಬ್ಯಾಟರಿ: ಫ್ರಿಜ್ ಒಂದೇ ದಿನಕ್ಕೆ 12 ವೋಲ್ಟಿನಲ್ಲಿ 50 ಆಂಪಿಯರ್-ಅವರ್ ಆಸುಪಾಸು ತಿನ್ನುತ್ತದೆ. 200 ವ್ಯಾಟಿನ ಸೋಲಾರ್ ಪ್ಯಾನೆಲ್ ಒಳ್ಳೆಯ ಬಿಸಿಲಿದ್ದರೆ ಅಷ್ಟನ್ನು ಮರಳಿ ತುಂಬುತ್ತದೆ. ದೀಪಗಳೆಲ್ಲ ಎಲ್‌ಇಡಿ ಆಗಲಿ.

7. ಬೀಳುವುದನ್ನು ತಪ್ಪಿಸುವ ಕೆಲಸಕ್ಕೆ ಜಿಪುಣತನ ಬೇಡ. ಡೆಕ್‌ನಿಂದ ಒಳಗಿಳಿಯುವ ಏಣಿ ಕಡಿದಾಗಿರುತ್ತದೆ; ಮೆಟ್ಟಿಲಿಗೆ ಜಾರದ ಪಟ್ಟಿ, ಎರಡೂ ಬದಿಗೆ ಹಿಡಿಕೆ ಹಾಕಿಸಿ. ಏಣಿಯಿಂದ ಹಾಸಿಗೆಯವರೆಗೆ ಕೈಯಳತೆಗೊಂದು ಹಿಡಿಕೆ ಇರಲಿ. ನಡುರಾತ್ರಿ ಒಬ್ಬರನ್ನೊಬ್ಬರು ದಾಟದೆ ಎದ್ದು ಹೋಗುವಂತಿರಲಿ ಮಲಗುವ ಜಾಗ. ವಿದ್ಯುತ್ತಿನಿಂದ ಲಂಗರು ಎತ್ತುವ ವಿಂಡ್‌ಲಾಸ್, ಮುಂದಿನ ಹಾಯಿಯನ್ನು ಕುಳಿತಲ್ಲಿಂದಲೇ ಸುತ್ತುವ ಫರ್ಲರ್, ಚುಕ್ಕಾಣಿ ಹಿಡಿಯುವ ಆಟೋಪೈಲಟ್, ಇವುಗಳನ್ನು ಆಡಂಬರ ಎನ್ನಬಾರದು. ಈ ವಯಸ್ಸಿನಲ್ಲಿ ಬೆನ್ನನ್ನೂ ಭುಜವನ್ನೂ ಉಳಿಸುವುದು ಇವೇ. ನೀರಿಗೆ ಬಿದ್ದವರು ತಾವೇ ಎಳೆದು ಹತ್ತಬಹುದಾದ ಏಣಿ ಹಿಂಬದಿಯಲ್ಲಿರಲಿ.

8. ಶೌಚದ ಟ್ಯಾಂಕು ದೊಡ್ಡದಿರಲಿ. ದಡದಿಂದ ಮೂರು ನಾಟಿಕಲ್ ಮೈಲಿಯೊಳಗೆ ಸಂಸ್ಕರಿಸದ ಮಲವನ್ನು ನೀರಿಗೆ ಬಿಡುವುದು ಅಮೆರಿಕದಲ್ಲಿ ಕಾನೂನುಬಾಹಿರ. ವಾಸನೆ ಹೀರಿದ ಹಳೆಯ ಪೈಪುಗಳನ್ನು ಎಸೆಯಿರಿ; ತೊಳೆದು ಫಲವಿಲ್ಲ.

9. ಮನೆ ಮಾರುವ ಮೊದಲು ಒಂದು ಇಡೀ ಚಳಿಗಾಲ ದಡಕ್ಕೆ ಕಟ್ಟಿದ ದೋಣಿಯಲ್ಲೇ ವಾಸಿಸಿ. ಉಸಿರಿನ ತೇವ ಗೋಡೆಗೆ ಹನಿಗಟ್ಟಿ ಹಾಸಿಗೆಯಡಿ ಬೂಷ್ಟು ಬರುವುದು ಆಗಲೇ ತಿಳಿಯುತ್ತದೆ. ಹಾಸಿಗೆಯ ಕೆಳಗೆ ಗಾಳಿಯಾಡುವ ಜಾಲರಿ, ಡಿಹ್ಯೂಮಿಡಿಫೈಯರ್ ಇಟ್ಟರೆ ಬಹಳಷ್ಟು ಸುಧಾರಿಸುತ್ತದೆ. ಚಳಿಗೆ ಬೆಂಗಳೂರಿಗೋ ಧಾರವಾಡಕ್ಕೋ ಬರುವ ಅಭ್ಯಾಸವಿದ್ದರೆ, ದೋಣಿಯನ್ನು ದಡಕ್ಕೆತ್ತಿಸಿ, ನೀರಿನ ಪೈಪುಗಳನ್ನು ಬರಿದುಮಾಡಿ ಹೊರಡಿ. ಒಳಗೆ ನಿಂತ ನೀರು ಹೆಪ್ಪುಗಟ್ಟಿದರೆ ಎಂಜಿನ್ನೇ ಸೀಳುತ್ತದೆ.

10. ಕಾಗದಪತ್ರ ಮೊದಲೇ ಆಗಲಿ. ಎಲ್ಲ ಮರೀನಾಗಳೂ ದೋಣಿವಾಸಕ್ಕೆ ಒಪ್ಪುವುದಿಲ್ಲ. ಬರಹದಲ್ಲಿ ಅನುಮತಿ ಪಡೆಯಿರಿ. ಜೂನ್ 1ರಿಂದ ನವೆಂಬರ್ 30ರವರೆಗಿನ ಚಂಡಮಾರುತದ ಋತುವಿನಲ್ಲಿ ದೋಣಿ ಎಲ್ಲಿರಬೇಕೆಂದು ವಿಮೆಯ ಪತ್ರ ಹೇಳುವುದುಂಟು, ಓದಿ. 65ಕ್ಕೆ ಸಿಗುವ ಮೆಡಿಕೇರ್ ಬಹಮಾಸ್‌ನಂಥ ಹೊರದೇಶದಲ್ಲಿ ಸಾಮಾನ್ಯವಾಗಿ ನೆರವಾಗುವುದಿಲ್ಲ. ಅಲ್ಲಿಗೆ ಬೇರೆ ಆರೋಗ್ಯ ವಿಮೆ ಬೇಕು.

11. ಇಬ್ಬರೂ ಕಲಿಯಿರಿ. ಎಂಜಿನ್ ಹೊತ್ತಿಸುವುದು, ಹಾಯಿ ಇಳಿಸುವುದು, ಲಂಗರು ಬಿಡುವುದು, ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್ಲಿನಲ್ಲಿ ದೋಣಿಯ ಹೆಸರು, ಇರುವ ಜಾಗ ಹೇಳಿ ನೆರವು ಕೇಳುವುದು, ಈ ನಾಲ್ಕನ್ನು ಇಬ್ಬರೂ ಒಂಟಿಯಾಗಿ ಮಾಡಿ ತೋರಿಸುವವರೆಗೆ ಕೊಲ್ಲಿ ದಾಟಬೇಡಿ. ಎದೆನೋವು ಬಂದು ಯಜಮಾನರು ಮಲಗಿದಾಗ ಚುಕ್ಕಾಣಿ ಹಿಡಿಯಬೇಕಾದವರು ಪಕ್ಕದಲ್ಲಿರುವ ಮನೆಯಾಕೆಯೇ. ಅವರಿಗೆ ಈ ವಾರವೇ ಕಲಿಸಲು ಶುರುಮಾಡಿ.