ಪುಸ್ತಕದಲ್ಲಿ ಹಿಂಗಿರ್ಲಿಲ್ವಲ್ಲ!

ಕಾದಂಬರಿ ಆಧರಿಸಿದ ಸಿನಿಮಾ ನೋಡಿ ಹೊರಬಂದಾಗ ನಮ್ಮಲ್ಲಿ ಯಾರಾದ್ರೂ ಒಬ್ಬರು ಈ ಮಾತು ಹೇಳೇ ಹೇಳ್ತೀವಿ. ಹಾಗಾದರೆ ಪುಸ್ತಕದಲ್ಲಿ ಇರೋ ಹಾಗೇ ತೆಗೆದರೆ ಸಾಕೇ? ಸತ್ಯಜಿತ್ ರೇ ಅವರ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ.

ಮೊದಲನೆಯದು ಸಾಕ್ಷ್ಯಚಿತ್ರ. ಟ್ಯಾಗೋರರ ಜನ್ಮಶತಮಾನೋತ್ಸವಕ್ಕೆಂದು 1961ರಲ್ಲಿ ಫಿಲ್ಮ್ಸ್ ಡಿವಿಜನ್‌ಗಾಗಿ ರೇ ಇದನ್ನು ಮಾಡಿದರು. ಕವಿ ತೀರಿಕೊಂಡು ಆಗಲೇ 20 ವರ್ಷ. ಸಂದರ್ಶನದ ಮಾತೇ ಇಲ್ಲ. ಹಾಗಾಗಿ 1941ರ ಅಂತಿಮಯಾತ್ರೆಯ ದೃಶ್ಯದಿಂದಲೇ ಚಿತ್ರ ಶುರುವಾಗುತ್ತದೆ. ಹಳೆಯ ಫೋಟೋಗಳು, ಸಿಕ್ಕಷ್ಟು ಫಿಲ್ಮ್ ತುಣುಕುಗಳು ಬರುತ್ತವೆ. ಬಾಲ್ಯದ ಭಾಗವನ್ನು ನಟರಿಂದ ಮಾಡಿಸಿದ್ದಾರೆ. ನಿರೂಪಣೆ ರೇ ಅವರದೇ ದನಿ. ಕೈಯಲ್ಲಿ ಏನಿದೆಯೋ ಅದರಿಂದಲೇ ಮನುಷ್ಯನನ್ನು ಕಟ್ಟುವ ಕೆಲಸ ಅದು.

ಎರಡನೆಯದು 1964ರ 'ಚಾರುಲತಾ'. ಮೂಲ, ಟ್ಯಾಗೋರರ 1901ರ ನೀಳ್ಗತೆ 'ನಷ್ಟನೀಡ'. ಪತ್ರಿಕೆಯ ಗುಂಗಿನಲ್ಲಿ ಮುಳುಗಿದ ಭೂಪತಿಗೆ ಹೆಂಡತಿ ಚಾರು ಕಣ್ಣಿಗೇ ಬೀಳುವುದಿಲ್ಲ. ಟ್ಯಾಗೋರರು ಇದನ್ನು ಹೇಳುತ್ತಾರೆ, ರೇ ತೋರಿಸುತ್ತಾರೆ. ಸಿನಿಮಾದ ಮೊದಲ ಕೆಲವು ನಿಮಿಷ ಹೆಚ್ಚುಕಮ್ಮಿ ಮಾತೇ ಇಲ್ಲ. ಚಾರು ಕಿಟಕಿಯಿಂದ ಕಿಟಕಿಗೆ ಓಡಾಡುತ್ತಾ ದುರ್ಬೀನಿನಲ್ಲಿ ಬೀದಿ ನೋಡುತ್ತಾಳೆ. ಗಂಡ ಪಕ್ಕದಲ್ಲೇ ಹಾದುಹೋದರೂ ಅವಳನ್ನು ಗಮನಿಸುವುದಿಲ್ಲ. ದೂರ ಹೋಗುತ್ತಿರುವ ಅವನನ್ನೂ ಅವಳು ಅದೇ ದುರ್ಬೀನಿನಲ್ಲಿ ನೋಡುತ್ತಾಳೆ. ಒಂದೇ ಮನೆಯಲ್ಲಿದ್ದೂ ಎಷ್ಟು ದೂರ ಅನ್ನೋದು ನಮಗೆ ಗೊತ್ತಾಗಿಬಿಡುತ್ತದೆ.

ಕೊನೆ ಇನ್ನೂ ಕುತೂಹಲಕರ. ಚಾರುವಿನ ಮನಸ್ಸು ಭೂಪತಿಯ ತಮ್ಮನ ವರಸೆಯ ಅಮಲನ ಕಡೆ ವಾಲಿದ್ದು ಭೂಪತಿಗೆ ತಿಳಿದುಹೋಗಿದೆ. ಕಥೆಯಲ್ಲಿ ಅವನು ಪತ್ರಿಕೆಯೊಂದರ ಕೆಲಸಕ್ಕೆಂದು ನಮ್ಮ ಮೈಸೂರಿಗೆ ಹೊರಡುತ್ತಾನೆ! ತನ್ನನ್ನೂ ಕರೆದುಕೊಂಡು ಹೋಗು ಅಂತ ಚಾರು ಕೇಳಿದರೆ ಮೊದಲು ಆಗಲ್ಲ ಅನ್ನುತ್ತಾನೆ. ಆಮೇಲೆ ಮನಸ್ಸು ಕರಗಿ ಕರೆದಾಗ ಅವಳೇ ಬೇಡ ಅನ್ನುತ್ತಾಳೆ. ಅಲ್ಲಿಗೆ ಕಥೆ ಮುಗಿಯಿತು.

ಸಿನಿಮಾದಲ್ಲಿ ಮೈಸೂರಿನ ಆ ಪಯಣವಿಲ್ಲ. ಭೂಪತಿ ಮನೆಗೆ ಮರಳುತ್ತಾನೆ, ಚಾರು ಕೈ ಚಾಚುತ್ತಾಳೆ, ಅವನೂ ಚಾಚುತ್ತಾನೆ. ಕೈಗಳು ಸೇರುವ ಮುಂಚೆಯೇ ಚಿತ್ರ ಸ್ತಬ್ಧವಾಗುತ್ತದೆ. ಟ್ಯಾಗೋರರ ಚಾರು ಬಾಗಿಲು ಮುಚ್ಚಿದಳು; ರೇ ಅದನ್ನು ಅರ್ಧ ತೆರೆದಿಟ್ಟರು.

ಇದು ಮೂಲಕ್ಕೆ ಮಾಡಿದ ದ್ರೋಹವೇ? ನಮಗೆ ಹಾಗನ್ನಿಸುವುದಿಲ್ಲ. ಒಡೆದ ಗೂಡು ಮತ್ತೆ ಮೊದಲಿನಂತಾಗದು ಅನ್ನೋ ನೋವು ಎರಡರಲ್ಲೂ ಉಳಿದಿದೆ. ಆದರೆ ಒಂದು ನಷ್ಟವಂತೂ ಇದೆ: ಕಥೆಯಲ್ಲಿ ಕೊನೆಯ ತೀರ್ಮಾನ ಚಾರುವಿನದಾಗಿತ್ತು. ಸಿನಿಮಾದಲ್ಲಿ ಅದು ಯಾರದೂ ಅಲ್ಲ.

ಹಾಗಾಗಿ ಮುಂದಿನ ಸಲ ಸಿನಿಮಾ ನೋಡಿದಾಗ ಏನು ಬದಲಾಯಿತು ಅಂತ ಪಟ್ಟಿ ಮಾಡಿ ನಿಲ್ಲಿಸೋದು ಬೇಡ. ಬದಲಾವಣೆಯಿಂದ ಯಾರ ಮಾತು ಉಳಿಯಿತು, ಯಾರದು ಹೋಯಿತು ಅಂತ ಕೇಳೋಣ. ಕಥೆ ಚಿಕ್ಕದು, ಒಂದು ಸಂಜೆ ಸಾಕು. ಮೊದಲು ಓದಿ, ಆಮೇಲೆ ನೋಡಿ. ಜಗಳ ಆಡೋಕೆ ಕ್ಯಾಂಟೀನ್ ಇದ್ದೇ ಇದೆ.